ಒಂದೇ ಸ್ಪೆಲಿಂಗ್, ಎರಡು ಉಚ್ಚಾರ: ಇಂಗ್ಲಿಷಿನ ಅವಳಿ ಪದಗಳನ್ನು ಸರಿಯಾಗಿ ಓದುವುದು ಹೇಗೆ?

ಕಾವೇರಿ ನೀರಿನ ಜಗಳ ಜೋರಾದಾಗ ಇಂಗ್ಲಿಷ್ ಪೇಪರುಗಳ ತಲೆಬರಹಕ್ಕೆ ಒಂದು ಮೂರಕ್ಷರದ ಪದ ಬಂದು ಕೂರುತ್ತದೆ: ಆರ್-ಒ-ಡಬ್ಲ್ಯು. ನಮ್ಮಲ್ಲಿ ಎಷ್ಟೋ ಜನ ಅದನ್ನು 'ಕಾವೇರಿ ರೋ' ಎಂದೇ ಓದುತ್ತಾರೆ. ರೋ ಅಂದರೆ ಸಾಲು. ಜಗಳಕ್ಕೆ 'ರೌ' ಎನ್ನಬೇಕು, 'ಕೌ', 'ನೌ' ಇದ್ದ ಹಾಗೆ. ಅಕ್ಷರ ಅವೇ ಮೂರು. ಅರ್ಥ ಬೇರೆಯಾದರೆ ಉಚ್ಚಾರವೂ ಬೇರೆ.

ಇಂಥ ಪದಗಳಿಗೆ ಇಂಗ್ಲಿಷಿನಲ್ಲಿ ಹೆಟೆರೊನಿಮ್ ಎನ್ನುತ್ತಾರೆ. ಕನ್ನಡದವರಿಗೆ ಇವು ಜಾಸ್ತಿ ಕಾಟ ಕೊಡುವುದಕ್ಕೆ ಕಾರಣ ಇದೆ. ಹಾರದ ಮುತ್ತೂ ಮುತ್ತೇ, ಮಗುವಿನ ಕೆನ್ನೆಗೆ ಕೊಡುವ ಮುತ್ತೂ ಮುತ್ತೇ. ಅರ್ಥ ಎರಡಾದರೂ ಬಾಯಲ್ಲಿ ಬರುವ ಸದ್ದು ಒಂದೇ. ಹಾಗಾಗಿ ಅಕ್ಷರ ಕಂಡ ಕೂಡಲೇ ಸದ್ದು ಹೊರಡಿಸುವುದು ನಮಗೆ ಚಿಕ್ಕಂದಿನಿಂದ ಅಭ್ಯಾಸ. ಇಂಗ್ಲಿಷಿನ ಈ ಪದಗಳಲ್ಲಿ ಮಾತ್ರ ಅರ್ಥ ಗೊತ್ತಾಗದೆ ಬಾಯಿ ತೆರೆಯುವಂತಿಲ್ಲ.

ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಉದ್ದುದ್ದ ಪಟ್ಟಿಗಳು ಸಿಗುತ್ತವೆ. ಅವನ್ನು ಬಾಯಿಪಾಠ ಮಾಡಲು ಹೋಗಬೇಡಿ ಅನ್ನುವುದೇ ನನ್ನ ಮೊದಲ ಸಲಹೆ. ಪಟ್ಟಿಯ ಬಹುಪಾಲು ಪದಗಳು ಕೆಲವೇ ನಿಯಮಗಳಿಗೆ ಸಿಕ್ಕಿಬೀಳುತ್ತವೆ. ನಿಜವಾಗಿ ನೆನಪಿಟ್ಟುಕೊಳ್ಳಬೇಕಾದವು ಇಪ್ಪತ್ತರ ಆಸುಪಾಸು ಮಾತ್ರ.

ಶುರು ಮಾಡುವ ಮೊದಲು ಇಲ್ಲಿ ಬಳಸಿರುವ ಗುರುತುಗಳ ಬಗ್ಗೆ ಎರಡು ಮಾತು. ಸ್ಪೆಲಿಂಗ್ ತೋರಿಸಬೇಕಾದಾಗ ಅಕ್ಷರಗಳನ್ನು ಬಿಡಿಬಿಡಿಯಾಗಿ ಬರೆದಿದ್ದೇನೆ, ಎಲ್-ಇ-ಎ-ಡಿ ಎಂಬಂತೆ. 'ಜ಼' ಎಂದು ಚುಕ್ಕೆ ಇಟ್ಟಿರುವುದು ಇಂಗ್ಲಿಷಿನ 'ಜ಼ೀರೋ', 'ಜ಼ೂ' ಪದಗಳ ಮೊದಲ ಸದ್ದಿಗೆ. ಇನ್ನು 'ˈ' ಎಂಬ ಸಣ್ಣ ಗೆರೆ. ಅದು ಯಾವ ತುಂಡಿನ ಮುಂದೆ ಇದೆಯೋ ಆ ತುಂಡನ್ನು ಒತ್ತಿ ಹೇಳಬೇಕು. ನಿಘಂಟುಗಳಲ್ಲೂ ಇದೇ ಗುರುತು ಇರುತ್ತದೆ, ಈಗಲೇ ರೂಢಿಯಾದರೆ ಮುಂದೆ ಸುಲಭ.

ಹಂತ 1: ಪದ ವಾಕ್ಯದಲ್ಲಿ ಏನು ಮಾಡುತ್ತಿದೆ ನೋಡಿ

ಪದ ಒಂದು ವಸ್ತುವಿನ ಹೆಸರೋ, ಇಲ್ಲಾ ಒಂದು ಕೆಲಸವೋ? ಅರ್ಧ ಸಮಸ್ಯೆ ಇಲ್ಲೇ ಬಗೆಹರಿಯುತ್ತದೆ. ವ್ಯಾಕರಣದ ಪುಸ್ತಕ ತೆಗೆಯಬೇಕಿಲ್ಲ, ಅಕ್ಕಪಕ್ಕದ ಪದ ನೋಡಿದರೆ ಸಾಕು. ಹಿಂದೆ 'ದ', 'ಎ', 'ಮೈ', 'ದಿಸ್' ಇದ್ದರೆ ಹೆಚ್ಚಾಗಿ ಹೆಸರು. ಹಿಂದೆ 'ಟು', 'ವಿಲ್', 'ಕ್ಯಾನ್', 'ಡೋಂಟ್' ಇದ್ದರೆ ಕೆಲಸ. 'ಐ', 'ವಿ', 'ದೇ' ಆದ ಮೇಲೆ ನೇರವಾಗಿ ಬಂದರೂ ಕೆಲಸವೇ. ಕೊನೆಗೆ ಐ-ಎನ್-ಜಿ ಅಥವಾ ಇ-ಡಿ ಅಂಟಿಕೊಂಡಿದ್ದರೆ ಸಾಮಾನ್ಯವಾಗಿ ಕೆಲಸದ ಉಚ್ಚಾರವನ್ನೇ ಹಿಡಿಯಿರಿ.

ಜೋರಾಗಿ ಓದುವಾಗ ಇದನ್ನೆಲ್ಲ ಯೋಚಿಸಲು ಪುರುಸೊತ್ತು ಎಲ್ಲಿ ಎಂದು ಕೇಳಬಹುದು. ಕಣ್ಣು ಬಾಯಿಗಿಂತ ಎರಡು ಮೂರು ಪದ ಮುಂದೆ ಓಡಬೇಕು, ಅಷ್ಟೇ. ಇದು ಅಭ್ಯಾಸದಿಂದ ಬರುತ್ತದೆ. ಅಲ್ಲಿಯವರೆಗೆ ಸಭೆಯಲ್ಲೋ ಕ್ಲಾಸಿನಲ್ಲೋ ಓದಬೇಕಾದ ಪಾಠವನ್ನು ಮೊದಲು ಒಮ್ಮೆ ಮನಸ್ಸಿನಲ್ಲೇ ಓದಿ, ಅನುಮಾನದ ಪದಗಳ ಮೇಲೆ ಪೆನ್ಸಿಲಿನಲ್ಲಿ ಆ ಗೆರೆ ಹಾಕಿಟ್ಟುಕೊಳ್ಳಿ.

ಹಂತ 2: ಎರಡು ತುಂಡಿನ ಪದವಾದರೆ ಒತ್ತು ಎಲ್ಲಿ?

ಈ ಲೇಖನದಲ್ಲಿ ಒಂದೇ ಒಂದು ಹಂತ ಓದಲು ಸಮಯ ಇದ್ದರೆ ಇದನ್ನು ಓದಿ. ನಿಯಮ ಸರಳ. ಹೆಸರಾದರೆ ಒತ್ತು ಮೊದಲ ತುಂಡಿಗೆ, ಕೆಲಸವಾದರೆ ಎರಡನೆಯದಕ್ಕೆ. ಮುರಿದ ದಾಖಲೆ 'ˈರೆಕಾರ್ಡ್'. ಹಾಡನ್ನು ಧ್ವನಿಮುದ್ರಿಸುವುದು 'ರಿˈಕಾರ್ಡ್'. ಹುಟ್ಟುಹಬ್ಬಕ್ಕೆ ಕೊಡುವ ಉಡುಗೊರೆ 'ˈಪ್ರೆಜ಼ೆಂಟ್'. ಮೀಟಿಂಗಿನಲ್ಲಿ ವಿಷಯ ಮಂಡಿಸುವುದು 'ಪ್ರಿˈಜ಼ೆಂಟ್'. ಎದುರಿಗಿರುವ ವಸ್ತು 'ˈಆಬ್ಜೆಕ್ಟ್'. ಆಕ್ಷೇಪ ಎತ್ತುವುದು 'ಅಬ್ˈಜೆಕ್ಟ್'.

ನಿಯಮ ಸುಲಭ, ಬಾಯಿ ಕೇಳಬೇಕಲ್ಲ! ಕನ್ನಡದಲ್ಲಿ ಹ್ರಸ್ವ ದೀರ್ಘ ಬದಲಾದರೆ ಅರ್ಥ ಬದಲಾಗುತ್ತದೆ. ಹಸು ಬೇರೆ, ಹಾಸು ಬೇರೆ. ಆದರೆ ಯಾವ ತುಂಡಿಗೆ ಒತ್ತು ಕೊಟ್ಟರೂ ಅರ್ಥ ಬದಲಾಗುವುದಿಲ್ಲ. ಅದಕ್ಕೇ ನಾವು ಇಂಗ್ಲಿಷ್ ಮಾತಾಡುವಾಗಲೂ ಎಲ್ಲ ತುಂಡುಗಳಿಗೂ ಸಮಪಾಲು ಹಂಚುತ್ತೇವೆ. ಇಂಗ್ಲಿಷಿನಲ್ಲಿ ಒತ್ತು ಅಂದರೆ ಬರೀ ಜೋರಾಗಿ ಹೇಳುವುದಲ್ಲ. ಒತ್ತಿದ ತುಂಡು ಸ್ವಲ್ಪ ಉದ್ದವಾಗುತ್ತದೆ, ದನಿ ಸ್ವಲ್ಪ ಏರುತ್ತದೆ. ಇನ್ನೊಂದು ತುಂಡನ್ನು ಹೆಚ್ಚುಕಡಿಮೆ ನುಂಗಿಬಿಡುತ್ತಾರೆ.

ಈ ನುಂಗುವುದರಲ್ಲೇ ನಮಗೊಂದು ಒಳದಾರಿ ಇದೆ. ಒತ್ತು ಹೋದ ತುಂಡಿನ ಸ್ವರ ಮಂಕಾಗುತ್ತದೆ. 'ಅಬೌಟ್' ಎಂಬ ಪದದ ಮೊದಲ ಸದ್ದು ಇದೆಯಲ್ಲ, ಹಾಗೆ. ನೀವು ಒತ್ತಿನ ಚಿಂತೆ ಬಿಟ್ಟು ಮೊದಲ ಸ್ವರವನ್ನು ಮಾತ್ರ ಸರಿ ಮಾಡಿಕೊಳ್ಳಿ. ಒತ್ತು ಬಹುಮಟ್ಟಿಗೆ ತಾನಾಗಿಯೇ ಹಿಂದೆ ಬರುತ್ತದೆ. ಸಿ-ಒ-ಎನ್ ಎಂದು ಶುರುವಾಗುವ ಪದಗಳಲ್ಲಿ ಹೆಸರಿಗೆ 'ಕಾನ್', ಕೆಲಸಕ್ಕೆ 'ಕನ್'. ನಡತೆ 'ಕಾಂಡಕ್ಟ್', ನಡೆಸುವುದು 'ಕನ್‌ಡಕ್ಟ್'. ಸ್ಪರ್ಧೆ 'ಕಾಂಟೆಸ್ಟ್', ಚುನಾವಣೆಗೆ ನಿಲ್ಲುವುದು 'ಕನ್‌ಟೆಸ್ಟ್'. ಜೈಲಿನಲ್ಲಿರುವ ಅಪರಾಧಿ 'ಕಾನ್ವಿಕ್ಟ್', ಕೋರ್ಟು ಅವನನ್ನು ಅಪರಾಧಿ ಎಂದು ತೀರ್ಮಾನಿಸುವುದು 'ಕನ್‌ವಿಕ್ಟ್'. ಒಪ್ಪಂದ 'ಕಾಂಟ್ರ್ಯಾಕ್ಟ್', ಲೋಹ ತಣ್ಣಗಾಗಿ ಕುಗ್ಗುವುದು 'ಕನ್‌ಟ್ರ್ಯಾಕ್ಟ್'. ಆರ್-ಇ ಎಂದು ಶುರುವಾದರೆ ಹೆಸರಿಗೆ 'ರೆ', ಕೆಲಸಕ್ಕೆ 'ರಿ'. ಬಂಡಾಯಗಾರ 'ರೆಬಲ್', ಬಂಡೇಳುವುದು 'ರಿಬೆಲ್'. ಪಿ-ಆರ್-ಒ ಆದರೆ ಹೆಸರಿಗೆ 'ಪ್ರಾ', ಕೆಲಸಕ್ಕೆ ಮಂಕಾದ 'ಪ್ರ'. ಹೊಲದಲ್ಲಿ ಬೆಳೆದು ಮಾರ್ಕೆಟ್ಟಿಗೆ ಬಂದ ತರಕಾರಿ ಹಣ್ಣು 'ಪ್ರಾಡ್ಯೂಸ್', ಉತ್ಪಾದಿಸುವುದು 'ಪ್ರಡ್ಯೂಸ್'.

ಇಂಪೋರ್ಟ್, ಎಕ್ಸ್‌ಪೋರ್ಟ್, ಇನ್ಸಲ್ಟ್, ಟ್ರಾನ್ಸ್‌ಫರ್, ಇನ್‌ಕ್ರೀಸ್ ಇಂಥವುಗಳಲ್ಲಿ ಸ್ವರ ಹೆಚ್ಚು ಬದಲಾಗುವುದಿಲ್ಲ, ಒತ್ತು ಮಾತ್ರ ಜರುಗುತ್ತದೆ. ಅರ್ಥವೂ ಹೆಚ್ಚು ದೂರ ಹೋಗುವುದಿಲ್ಲ. ಇವುಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಒತ್ತು ತಪ್ಪಿದರೂ ಕೇಳುವವರಿಗೆ ವಿಷಯ ತಿಳಿಯುತ್ತದೆ.

ಅರ್ಥವೇ ಪಲ್ಟಿ ಹೊಡೆಯುವ ಪದಗಳ ಕಡೆ ಗಮನ ಕೊಡಿ. ಆರ್-ಇ-ಎಫ್-ಯು-ಎಸ್-ಇ 'ˈರೆಫ್ಯೂಸ್' ಆದರೆ ಕಸ, 'ರಿˈಫ್ಯೂಜ಼್' ಆದರೆ ಒಲ್ಲೆ ಎನ್ನುವುದು. ಡಿ-ಇ-ಎಸ್-ಇ-ಆರ್-ಟಿ 'ˈಡೆಜ಼ರ್ಟ್' ಆದರೆ ಮರಳುಗಾಡು, 'ಡಿˈಜ಼ರ್ಟ್' ಆದರೆ ಕೈಬಿಟ್ಟು ಹೋಗುವುದು. ಊಟದ ಕೊನೆಯ ಸಿಹಿತಿಂಡಿಗೆ ಇನ್ನೊಂದು ಎಸ್ ಜಾಸ್ತಿ, ಆದರೆ ಉಚ್ಚಾರ ಈ ಎರಡನೆಯದರದ್ದೇ. ಹೋಟೆಲಿನಲ್ಲಿ ಐಸ್‌ಕ್ರೀಮ್ ಕೇಳುವ ಭರದಲ್ಲಿ ಮರಳುಗಾಡು ತರಿಸಬೇಡಿ. 'ˈಕಾಂಟೆಂಟ್' ಅಂದರೆ ಒಳಗಿರುವ ಸರಕು, ಈಗ ಯೂಟ್ಯೂಬಿನವರೆಲ್ಲ ಹೇಳುವ ಕಾಂಟೆಂಟ್ ಅದೇ. 'ಕನ್ˈಟೆಂಟ್' ಅಂದರೆ ತೃಪ್ತಿಯಿಂದ ಇರುವುದು. 'ˈಎಂಟ್ರನ್ಸ್' ಬಾಗಿಲು, 'ಎನ್ˈಟ್ರಾನ್ಸ್' ಮೋಡಿ ಮಾಡುವುದು. ಪಾಸ್‌ವರ್ಡ್ ತಪ್ಪಿದಾಗ ಪರದೆಯ ಮೇಲೆ ಬರುವುದು 'ಇನ್ˈವ್ಯಾಲಿಡ್', ಹಾಸಿಗೆ ಹಿಡಿದ ರೋಗಿಗೆ ಹಿಂದೆ ಬಳಸುತ್ತಿದ್ದ ಪದ 'ˈಇನ್ವಲಿಡ್'. 'ಕನ್ˈಟೆಂಟ್', 'ಇನ್ˈವ್ಯಾಲಿಡ್' ಎರಡೂ ಇಲ್ಲಿ ಗುಣವಾಚಕಗಳು, ಹಾಗಾಗಿ ಈ ಎರಡು ಜೋಡಿಗಳಿಗೆ ಹೆಸರು-ಕೆಲಸದ ಲೆಕ್ಕ ಪೂರ್ತಿ ಕೂರುವುದಿಲ್ಲ. ಆದರೂ ಹೆಸರಿಗೆ ಮೊದಲ ತುಂಡು ಎಂಬ ಅರ್ಧ ನಿಯಮ ಅಲ್ಲೂ ನಿಲ್ಲುತ್ತದೆ.

ನಮ್ಮ ಕಾಲೇಜು ಸಮಾರಂಭಗಳಲ್ಲಿ ತಪ್ಪದೆ ಕೇಳುವ ಒಂದು ಪದವನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಿರೂಪಕರು ಸಭೆಯನ್ನು 'ಆಗಸ್ಟ್ ಗ್ಯಾದರಿಂಗ್' ಎನ್ನುತ್ತಾರೆ. ತಿಂಗಳ ಹೆಸರು 'ˈಆಗಸ್ಟ್'. ಗೌರವಾನ್ವಿತ ಎಂಬ ಅರ್ಥಕ್ಕೆ 'ಆˈಗಸ್ಟ್', ಒತ್ತು ಎರಡನೇ ತುಂಡಿಗೆ. ಎರಡೂ ಬಂಧುಗಳೇ. ಲ್ಯಾಟಿನ್ ಭಾಷೆಯ ಆ ಗೌರವದ ಪದವೇ ರೋಮ್ ಚಕ್ರವರ್ತಿ ಅಗಸ್ಟಸ್‌ನ ಬಿರುದಾಯಿತು. ಅವನ ಗೌರವಕ್ಕೆ ಕ್ರಿ.ಪೂ. 8ರಲ್ಲಿ ತಿಂಗಳಿಗೆ ಆ ಹೆಸರಿಟ್ಟರು.

ಈಗ ಒಂದು ಎಚ್ಚರಿಕೆ. ನಿಯಮ ಹೊಸದಾಗಿ ಕಲಿತವರು ಸಿಕ್ಕಸಿಕ್ಕ ಪದಕ್ಕೆಲ್ಲ ಅದನ್ನು ಹಚ್ಚುತ್ತಾರೆ. ರಿˈಪೋರ್ಟ್, ಸˈಪೋರ್ಟ್, ರಿˈಸ್ಪೆಕ್ಟ್, ಕನ್ˈಟ್ರೋಲ್, ಡಿˈಲೇ ಇವು ಹೆಸರಾದರೂ ಕೆಲಸವಾದರೂ ಒತ್ತು ಕೊನೆಗೇ. ˈಆನ್ಸರ್, ˈವಿಜ಼ಿಟ್, ˈಪ್ರಾಮಿಸ್ ಇವಕ್ಕೆ ಯಾವಾಗಲೂ ಮೊದಲಿಗೇ. ಇನ್ನು ಕೆಲವು ಪದಗಳು ಊರಿಂದ ಊರಿಗೆ ಬೇರೆ. 'ರಿˈಸರ್ಚ್' ಬ್ರಿಟನ್ನಿನ ಹಳೆಯ ರೂಢಿ, ಅಮೆರಿಕದಲ್ಲಿ 'ˈರೀಸರ್ಚ್' ಜಾಸ್ತಿ ಕೇಳುತ್ತದೆ. ಈ ಒತ್ತು ಜರುಗುವ ಆಟ ಹಿಂದಿನಿಂದ ನಡೆದುಕೊಂಡು ಬಂದದ್ದು. 16ನೇ ಶತಮಾನದಲ್ಲಿ ರೆಬಲ್, ರೆಕಾರ್ಡ್, ಔಟ್‌ಲಾ ಹೀಗೆ ಬೆರಳೆಣಿಕೆಯ ಜೋಡಿಗಳಿದ್ದವು. ಆಮೇಲೆ ಒಂದನ್ನು ನೋಡಿ ಇನ್ನೊಂದು ಎಂಬಂತೆ ಗುಂಪು ಬೆಳೆಯಿತು.

ಹಂತ 3: ಕೊನೆಗೆ ಎ-ಟಿ-ಇ ಇದ್ದರೆ

ವಕೀಲರನ್ನು ನಾವು 'ಅಡ್ವೊಕೇಟ್' ಎನ್ನುತ್ತೇವೆ. ಪದವೀಧರ 'ಗ್ರಾಜುಯೇಟ್'. ಮನೆ ಕಟ್ಟುವ ಮೇಸ್ತ್ರಿ ಕೊಡುವುದು 'ಎಸ್ಟಿಮೇಟ್'. ಬೀಗದ ಇನ್ನೊಂದು ಕೀ 'ಡೂಪ್ಲಿಕೇಟ್'. ಕನ್ನಡ ಈ ಪದಗಳನ್ನೆಲ್ಲ 'ಏಟ್' ಸಮೇತ ತನ್ನದಾಗಿ ಮಾಡಿಕೊಂಡಿದೆ. ಕನ್ನಡ ಮಾತಾಡುವಾಗ ಹಾಗೇ ಇರಲಿ, ತಿದ್ದುವ ಅಗತ್ಯ ಇಲ್ಲ.

ಇಂಗ್ಲಿಷ್ ಮಾತಾಡುವಾಗ ಮಾತ್ರ 'ಏಟ್' ಕೆಲಸಕ್ಕೆ ಮೀಸಲು. ಹೆಸರಾಗಿಯೋ ಗುಣವಾಚಕವಾಗಿಯೋ ಬಂದರೆ ಕೊನೆ ಮಂಕಾಗಿ 'ಅಟ್' ಅಥವಾ 'ಇಟ್' ಆಗುತ್ತದೆ. ವಕೀಲ 'ಆಡ್ವಕಟ್', ಪರವಾಗಿ ವಾದಿಸುವುದು 'ಆಡ್ವಕೇಟ್'. ಪದವೀಧರ 'ಗ್ರ್ಯಾಜುಅಟ್', ಪದವಿ ಮುಗಿಸುವುದು 'ಗ್ರ್ಯಾಜುಏಟ್'. ಬೇರೆ ರೂಮ್ 'ಸೆಪ್ರಟ್', ಬೇರೆ ಮಾಡುವುದು 'ಸೆಪರೇಟ್'. ಡೂಪ್ಲಿಕೇಟ್, ಎಸ್ಟಿಮೇಟ್, ಅಸೋಸಿಯೇಟ್, ಮಾಡರೇಟ್, ಡೆಲಿಗೇಟ್, ಡೆಲಿಬರೇಟ್ ಎಲ್ಲಕ್ಕೂ ಇದೇ ಲೆಕ್ಕ.

ಐ-ಎನ್-ಟಿ-ಐ-ಎಂ-ಎ-ಟಿ-ಇ ಬಗ್ಗೆ ಮಾತ್ರ ಸ್ವಲ್ಪ ಹುಷಾರಾಗಿರಿ. ನಮ್ಮ ಆಫೀಸು ಪತ್ರಗಳಲ್ಲಿ 'ದಯವಿಟ್ಟು ಕಚೇರಿಗೆ ತಿಳಿಸಿ' ಎಂಬ ಅರ್ಥದಲ್ಲಿ ಇದು ಧಾರಾಳವಾಗಿ ಬರುತ್ತದೆ. ಅಲ್ಲಿ ಅದು ಕೆಲಸ, ಹಾಗಾಗಿ 'ಇಂಟಿಮೇಟ್'. 'ಇಂಟಿಮಟ್' ಅಂದರೆ ತೀರಾ ಆಪ್ತ. ಅಧಿಕಾರಿಗಳ ಮುಂದೆ ಓದುವಾಗ ಎರಡನ್ನೂ ಬೆರೆಸದಿರುವುದು ಒಳ್ಳೆಯದು, ಅಲ್ವಾ?

ಡಿಬೇಟ್, ಅಪ್‌ಡೇಟ್, ರಿಬೇಟ್ ಈ ಗುಂಪಿಗೆ ಸೇರುವುದಿಲ್ಲ. ಅಲ್ಲಿ ಯಾವಾಗಲೂ 'ಏಟ್'.

ಹಂತ 4: 'ಸ' ಇದ್ದದ್ದು 'ಜ಼' ಆಗುವ ಪದಗಳು

ಯು-ಎಸ್-ಇ ಹೆಸರಾದರೆ 'ಯೂಸ್', ಕೆಲಸವಾದರೆ 'ಯೂಜ಼್'. ಮನೆ 'ಹೌಸ್', ಮನೆ ಕೊಟ್ಟು ಇರಿಸಿಕೊಳ್ಳುವುದು 'ಹೌಜ಼್'. ನೆಪ 'ಎಕ್ಸ್‌ಕ್ಯೂಸ್', ಆದರೆ ಬಸ್ಸಿನಲ್ಲಿ ದಾರಿ ಬಿಡಿ ಎನ್ನುವಾಗ 'ಎಕ್ಸ್‌ಕ್ಯೂಜ಼್ ಮಿ'. ಎ-ಬಿ-ಯು-ಎಸ್-ಇ ಕೂಡ ಹೀಗೇ. ಸಿ-ಎಲ್-ಒ-ಎಸ್-ಇ ಹತ್ತಿರದ್ದು ಎಂಬ ಅರ್ಥದಲ್ಲಿ 'ಕ್ಲೋಸ್', ಬಾಗಿಲು ಮುಚ್ಚುವಾಗ 'ಕ್ಲೋಜ಼್'. ಆಪ್ತ ಗೆಳೆಯ 'ಕ್ಲೋಸ್ ಫ್ರೆಂಡ್'. ಅವನನ್ನು 'ಕ್ಲೋಜ಼್' ಮಾಡಬೇಡಿ.

ಹಳೆಯ ಇಂಗ್ಲಿಷಿನಲ್ಲಿ ಕ್ರಿಯಾಪದದ ಕೊನೆಗೆ ಇನ್ನೊಂದು ಸ್ವರ ಇರುತ್ತಿತ್ತು. ಎರಡು ಸ್ವರಗಳ ನಡುವೆ ಸಿಕ್ಕ 'ಸ' ಮೆತ್ತಗಾಗಿ 'ಜ಼' ಆಯಿತು. ಕಾಲಕ್ರಮದಲ್ಲಿ ಆ ಸ್ವರ ಉದುರಿತು, 'ಜ಼' ಉಳಿಯಿತು. ಹೌಸ್-ಹೌಜ಼್ ಜೋಡಿ ಬಂದದ್ದು ಹೀಗೆ. ಫ್ರೆಂಚಿನಿಂದ ಬಂದ ಯೂಸ್‌ನಂಥ ಪದಗಳೂ ಇದೇ ಸಾಲಿಗೆ ಸೇರಿಕೊಂಡವು.

ಯು-ಎಸ್-ಇ-ಡಿ ಇನ್ನೂ ಒಂದು ಗಂಟು ಹಾಕುತ್ತದೆ. ಪೆನ್ನು ಬಳಸಿದೆ ಎನ್ನಲು 'ಯೂಜ಼್ಡ್'. ಹಿಂದೆ ಹಾಸನದಲ್ಲಿ ಇರುತ್ತಿದ್ದೆ ಎನ್ನಲು 'ಐ ಯೂಸ್ಟು ಲಿವ್ ಇನ್ ಹಾಸನ್'. ಅಲ್ಲಿ 'ಜ಼' ಇಲ್ಲ, 'ಡ' ಕೂಡ ಕೇಳುವುದಿಲ್ಲ.

'ಜ಼' ಬಾಯಿಗೆ ಬರುವುದಿಲ್ಲ ಎನ್ನುವವರಿಗೆ ಒಂದು ಉಪಾಯ. ಉದ್ದಕ್ಕೆ 'ಸ್ಸ್ಸ್' ಎನ್ನಿ. ನಾಲಿಗೆ ಅಲ್ಲಾಡಿಸದೆ ಗಂಟಲಿನಿಂದ ದನಿ ಸೇರಿಸಿ. ಗಂಟಲ ಮೇಲೆ ಬೆರಳಿಟ್ಟರೆ ನಡುಗುವುದು ಗೊತ್ತಾಗುತ್ತದೆ. ಅದೂ ಆಗದಿದ್ದರೆ ಹಿಂದಿನ ಸ್ವರವನ್ನು ಎಳೆಯಿರಿ. ಹೆಸರಾದ 'ಯೂಸ್' ಚಿಕ್ಕದಾಗಿ ಮುಗಿಯಲಿ, ಕೆಲಸದ 'ಯೂಜ಼್' ಉದ್ದವಾಗಲಿ. ಇಂಗ್ಲಿಷ್ ಮಾತೃಭಾಷೆಯವರ ಕಿವಿ ಈ ಉದ್ದವನ್ನೂ ಹಿಡಿಯುತ್ತದೆ.

ಹಂತ 5: ಇ-ಡಿ ತಾನೇ ಒಂದು ತುಂಡಾಗುವುದು

ಇದು ಚಿಕ್ಕ ಗುಂಪು. ಕೋರ್ಟಿನಲ್ಲಿ ಎದುರಾಳಿ ವಕೀಲರನ್ನು 'ಲರ್ನಿಡ್ ಫ್ರೆಂಡ್' ಎನ್ನುತ್ತಾರೆ. ಎರಡು ತುಂಡು. ಅರ್ಥ ವಿದ್ವಾಂಸ. ಪಾಠ ಕಲಿತೆ ಎನ್ನುವಾಗ ಒಂದೇ ತುಂಡು, 'ಲರ್ನ್‌ಡ್'. ವಯಸ್ಸಾದವರು 'ದಿ ಏಜಿಡ್', ಆದರೆ ಹತ್ತು ವರ್ಷದ ಹುಡುಗ ಎನ್ನುವಾಗ 'ಏಜ್‌ಡ್ ಟೆನ್'. ಪವಿತ್ರ ಎಂಬ ಅರ್ಥಕ್ಕೆ 'ಬ್ಲೆಸಿಡ್', ಹರಸಿದರು ಎನ್ನಲು 'ಬ್ಲೆಸ್ಟ್'. ಪಟ್ಟುಬಿಡದ ಸ್ವಭಾವ 'ಡಾಗಿಡ್', ಬೆನ್ನು ಹತ್ತಿತು ಎನ್ನಲು 'ಡಾಗ್ಡ್'.

ಹಂತ 6: ನಿಯಮಕ್ಕೆ ಸಿಗದವುಗಳನ್ನು ನೆನಪಿಟ್ಟುಕೊಳ್ಳಿ

ಇಲ್ಲಿರುವ ಪದಗಳಲ್ಲಿ ಹಲವು ಒಂದಕ್ಕೊಂದು ಸಂಬಂಧವೇ ಇಲ್ಲದವು. ಬೇರೆ ಬೇರೆ ಬೇರಿನಿಂದ ಬಂದು ಆಕಸ್ಮಿಕವಾಗಿ ಒಂದೇ ಸ್ಪೆಲಿಂಗ್ ಹೊತ್ತುಕೊಂಡಿವೆ. ಇಂಗ್ಲಿಷಿನ ದೀರ್ಘ ಸ್ವರಗಳೆಲ್ಲ ಹೆಚ್ಚುಕಡಿಮೆ 1400ರಿಂದ 1700ರವರೆಗೆ ಜಾಗ ಬದಲಿಸುತ್ತಾ ಇದ್ದವು. ಅದರ ನಡುವೆಯೇ, 1476ರಲ್ಲಿ, ವಿಲಿಯಂ ಕ್ಯಾಕ್ಸ್‌ಟನ್ ಲಂಡನ್ನಿನ ಪಕ್ಕದ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಅಚ್ಚಿನ ಮಳಿಗೆ ತೆರೆದ. ಅಚ್ಚಿನಿಂದಾಗಿ ಸ್ಪೆಲಿಂಗ್ ಗಟ್ಟಿಯಾಗುತ್ತಾ ಹೋಯಿತು, ನಾಲಿಗೆ ತನ್ನ ಪಾಡಿಗೆ ಓಡಿತು.

ಎಲ್-ಇ-ಎ-ಡಿ. ಮುನ್ನಡೆಸುವುದು, ಚುನಾವಣೆ ಎಣಿಕೆಯಲ್ಲಿ ಮುಂದಿರುವುದು 'ಲೀಡ್'. ಸೀಸ ಎಂಬ ಲೋಹ 'ಲೆಡ್'. ಮನೆಯ ಯುಪಿಎಸ್ ಬ್ಯಾಟರಿಯ ಮೇಲೆ ಬರೆದಿರುವುದು 'ಲೆಡ್ ಆಸಿಡ್'. ಭಾರತದಲ್ಲಿ 2000ದಲ್ಲಿ ನಿಂತುಹೋದ ಸೀಸ ಬೆರೆಸಿದ ಪೆಟ್ರೋಲು 'ಲೆಡೆಡ್', ಈಗಿನದು 'ಅನ್‌ಲೆಡೆಡ್'. ಬ್ರೆಡ್, ಡೆಡ್, ಹೆಡ್ ಪದಗಳಲ್ಲೂ ಇದೇ ಇ-ಎ ಜೋಡಿ ಇದೆ, ಅದನ್ನು ಲೋಹದ ಜೊತೆ ಕಟ್ಟಿ ನೆನಪಿಡಿ. ಮಾತೃಭಾಷೆಯವರೇ ಇಲ್ಲಿ ಎಡವುತ್ತಾರೆ. ಲೆಡ್ ಜ಼ೆಪೆಲಿನ್ ಎಂಬ ಇಂಗ್ಲಿಷ್ ರಾಕ್ ತಂಡ ಜನ 'ಲೀಡ್' ಎಂದು ಓದಬಾರದು ಅಂತಲೇ ತನ್ನ ಹೆಸರಿನಿಂದ ಎ ತೆಗೆದುಹಾಕಿತು.

ಆರ್-ಇ-ಎ-ಡಿ. ಈಗ ಓದುವುದು 'ರೀಡ್', ಆಗಲೇ ಓದಿದ್ದು 'ರೆಡ್'. ಯೆಸ್ಟರ್‌ಡೇ, ಎವ್ರಿ ಡೇ ಅಂಥ ಸುಳಿವು ಇಲ್ಲದಿದ್ದರೆ ಕರ್ತೃ ನೋಡಿ. 'ಹಿ' ಅಥವಾ 'ಶಿ' ಆದ ಮೇಲೆ ಎಸ್ ಇಲ್ಲದೆ ಬಂದಿದ್ದರೆ ಅದು ಭೂತಕಾಲ, 'ರೆಡ್'. ಹಿಂದೆ 'ಹ್ಯಾವ್' ಇದ್ದರೂ 'ರೆಡ್'. ಅರ್ಜಿಯ ಕೊನೆಯಲ್ಲಿ ಷರತ್ತುಗಳನ್ನು ಓದಿದ್ದೇನೆ ಎಂದು ಟಿಕ್ ಹಾಕುತ್ತೇವಲ್ಲ, ಅದೂ 'ಐ ಹ್ಯಾವ್ ರೆಡ್'. ಓದದೆ ಟಿಕ್ ಹಾಕಿದರೂ ಉಚ್ಚಾರ ಅದೇ. ಇಮೇಲಿನಲ್ಲಿ ಬರುವುದು 'ಮಾರ್ಕ್ ಆ್ಯಸ್ ರೆಡ್', 'ಅನ್‌ರೆಡ್'.

ಟಿ-ಇ-ಎ-ಆರ್. ಕಣ್ಣೀರು 'ಟಿಯರ್', ಬಟ್ಟೆ ಹರಿಯುವುದು 'ಟೇರ್'. ಪೊಲೀಸರು ಸಿಡಿಸುವ ಅಶ್ರುವಾಯು 'ಟಿಯರ್ ಗ್ಯಾಸ್'. ಯಂತ್ರ ಸವೆಯುವುದು 'ವೇರ್ ಆ್ಯಂಡ್ ಟೇರ್'. ವೇರ್ ಜೊತೆ ಪ್ರಾಸ ಸೇರುತ್ತದೆ, ಮರೆಯುವ ಹಾಗೇ ಇಲ್ಲ.

ಡಬ್ಲ್ಯು-ಐ-ಎನ್-ಡಿ. ಗಾಳಿ 'ವಿಂಡ್', ಸುತ್ತುವುದು 'ವೈಂಡ್'. ಇದರಲ್ಲಿ ಕನ್ನಡದವರು ಆಗಲೇ ಪಾಸು. ಪಂಪ್‌ಸೆಟ್ ಸುಟ್ಟರೆ ಮೋಟರ್ ವೈಂಡಿಂಗ್ ಅಂಗಡಿಗೆ ಒಯ್ಯುತ್ತೇವೆ, ಸಂಜೆ ಕೆಲಸ ವೈಂಡ್ ಅಪ್ ಮಾಡುತ್ತೇವೆ. ಅದರ ಭೂತಕಾಲ ಡಬ್ಲ್ಯು-ಒ-ಯು-ಎನ್-ಡಿ, 'ವೌಂಡ್'. ಅದೇ ಅಕ್ಷರಗಳಲ್ಲಿ ಗಾಯ ಬರೆದರೆ 'ವೂಂಡ್'. ಒಂದು ಕಾಲಕ್ಕೆ ಇಂಗ್ಲಿಷ್ ಕವಿಗಳು ಗಾಳಿಯನ್ನೂ 'ವೈಂಡ್' ಎಂದು 'ಮೈಂಡ್' ಜೊತೆ ಪ್ರಾಸ ಕೂಡಿಸುತ್ತಿದ್ದರು. ಹಳೆಯ ಪದ್ಯ ಓದುವಾಗ ಬೆಚ್ಚಬೇಡಿ.

ಒ-ಡಬ್ಲ್ಯು ಜೋಡಿಯ ಮೂರು ಪದಗಳು ಒಟ್ಟಿಗೆ. ಬಿಲ್ಲು 'ಬೋ', ತಲೆಬಾಗುವುದು 'ಬೌ'. ಹಡಗಿನ ಮುಂತುದಿಯೂ 'ಬೌ'. ಸಾಲು 'ರೋ', ದೋಣಿಗೆ ಹುಟ್ಟು ಹಾಕುವುದೂ 'ರೋ', ಜಗಳ ಮಾತ್ರ 'ರೌ'. ಬಿತ್ತುವುದು 'ಸೋ', ಹೆಣ್ಣು ಹಂದಿ 'ಸೌ'. ಕೃಷಿ ವಿಷಯದ ಭಾಷಣದಲ್ಲಿ ಕೊನೆಯದರ ಬಗ್ಗೆ ಸ್ವಲ್ಪ ಎಚ್ಚರ ಇರಲಿ.

ಉಳಿದವು ಬೇಗ ಮುಗಿಯುತ್ತವೆ. ಬಿ-ಎ-ಎಸ್-ಎಸ್ ಸಂಗೀತದಲ್ಲಿ 'ಬೇಸ್', ಮೀನಾದರೆ 'ಬ್ಯಾಸ್'. ಎಲ್-ಐ-ವಿ-ಇ ಬದುಕುವುದು 'ಲಿವ್', ನೇರ ಪ್ರಸಾರ 'ಲೈವ್'. ಎಂ-ಐ-ಎನ್-ಯು-ಟಿ-ಇ ಗಡಿಯಾರದ್ದು 'ˈಮಿನಿಟ್', ಅತಿ ಸಣ್ಣದು 'ಮೈˈನ್ಯೂಟ್'. ಸಭೆಯ ನಡಾವಳಿಯೂ 'ಮಿನಿಟ್ಸ್'. ಎಸ್-ಇ-ಡಬ್ಲ್ಯು-ಇ-ಆರ್ ಒಳಚರಂಡಿ 'ಸೂಅರ್', ಹೊಲಿಯುವವರು 'ಸೋಅರ್'. ಡಿ-ಒ-ವಿ-ಇ ಪಾರಿವಾಳದ ಜಾತಿಯ ಹಕ್ಕಿ 'ಡವ್', ಅಮೆರಿಕದಲ್ಲಿ ಧುಮುಕಿದ ಎನ್ನಲು 'ಡೋವ್'. ಡಿ-ಒ-ಇ-ಎಸ್ ಸಾಮಾನ್ಯವಾಗಿ 'ಡಜ಼್', ಹೆಣ್ಣು ಜಿಂಕೆಗಳು 'ಡೋಜ಼್'. ಎನ್-ಯು-ಎಂ-ಬಿ-ಇ-ಆರ್ 'ನಂಬರ್', ಇನ್ನೂ ಹೆಚ್ಚು ಮರಗಟ್ಟಿದ್ದು ಎಂಬ ಅರ್ಥಕ್ಕೆ 'ನಮರ್'. ಕೊನೆಯ ಮೂರರ ಎರಡನೇ ಅರ್ಥ ನಿಮಗೆ ವರ್ಷಕ್ಕೊಮ್ಮೆಯೂ ಎದುರಾಗಲಿಕ್ಕಿಲ್ಲ.

ಹಂತ 7: ದೊಡ್ಡ ಅಕ್ಷರ ಇದೆಯಾ, ನೆತ್ತಿಯ ಗುರುತು ಬಿದ್ದುಹೋಗಿದೆಯಾ ನೋಡಿ

ಮೊದಲ ಅಕ್ಷರ ದೊಡ್ಡದಾದರೆ ಅದು ಊರೋ ಜನವೋ ಇರಬಹುದು. ಬೂಟಿಗೆ ಹಾಕುವುದು 'ಪಾಲಿಶ್', ಪೋಲೆಂಡ್ ದೇಶದವರು 'ಪೋಲಿಶ್'. ಓದುವುದು 'ರೀಡಿಂಗ್', ಲಂಡನ್ನಿನ ಪಶ್ಚಿಮಕ್ಕಿರುವ ಊರು 'ರೆಡಿಂಗ್'. ಚೆನ್ನಾಗಿದೆ ಎನ್ನಲು 'ನೈಸ್', ಫ್ರಾನ್ಸಿನ ಕಡಲ ತೀರದ ಊರು 'ನೀಸ್'. ವಾಕ್ಯದ ಮೊದಲಲ್ಲೇ ಬಂದರೆ ಈ ಸುಳಿವು ಕೈಕೊಡುತ್ತದೆ, ಆಗ ಅರ್ಥವೇ ಗತಿ.

ಬೆಂಗಳೂರಿನಲ್ಲಿ ಕೆಲಸ ಹುಡುಕುವ ಹುಡುಗ ಹುಡುಗಿಯರಿಗೆ ಮುಖ್ಯವಾದದ್ದು ಆರ್-ಇ-ಎಸ್-ಯು-ಎಂ-ಇ. ನಿಂತದ್ದನ್ನು ಮತ್ತೆ ಶುರು ಮಾಡುವುದು 'ರಿˈಜ಼್ಯೂಮ್'. ಕೆಲಸಕ್ಕೆ ಕಳಿಸುವ ಸ್ವವಿವರ 'ˈರೆಜ಼್ಯುಮೇ'. ಇದು ಫ್ರೆಂಚ್ ಪದ, ಮೂಲದಲ್ಲಿ ಎರಡೂ ಇ ನೆತ್ತಿಯ ಮೇಲೆ ಗೆರೆ ಇದೆ. ಕೀಬೋರ್ಡಿನಲ್ಲಿ ಅದು ಸುಲಭಕ್ಕೆ ಸಿಗುವುದಿಲ್ಲ, ಹಾಗಾಗಿ ಎಲ್ಲರೂ ಬಿಟ್ಟುಬಿಡುತ್ತಾರೆ. ಇಂಟರ್ವ್ಯೂಗೆ ಹೋಗುವ ಮೊದಲು ಇದೊಂದನ್ನು ಬಾಯಿಗೆ ಹತ್ತಿಸಿಕೊಳ್ಳಿ.

ಹಂತ 8: ನಿಘಂಟು ನೋಡುವ ರೀತಿ

ಕೇಂಬ್ರಿಡ್ಜ್, ಆಕ್ಸ್‌ಫರ್ಡ್ ನಿಘಂಟುಗಳ ವೆಬ್‌ಸೈಟುಗಳಲ್ಲಿ ಬ್ರಿಟಿಷ್ ಮತ್ತು ಅಮೆರಿಕನ್ ಉಚ್ಚಾರ ಎರಡನ್ನೂ ಕೇಳಬಹುದು. ಆದರೆ ಎಷ್ಟೋ ಜನ ಪದ ಹೊಡೆದು, ಮೇಲೆ ಕಂಡ ಮೊದಲ ಸ್ಪೀಕರ್ ಒತ್ತಿ, ಕೇಳಿ, ಹೋಗಿಬಿಡುತ್ತಾರೆ. ಅವಳಿ ಪದಗಳಿಗೆ ಅದು ಸಾಲದು. ಪುಟವನ್ನು ಕೆಳಗಿನವರೆಗೆ ನೋಡಿ. 'ನೌನ್' ಎಂದಿರುವ ಕಡೆ ಒಂದು ಸ್ಪೀಕರ್, 'ವರ್ಬ್' ಎಂದಿರುವ ಕಡೆ ಇನ್ನೊಂದು ಇರುತ್ತದೆ. ಮೊದಲು ನಿಮ್ಮ ವಾಕ್ಯದ ಅರ್ಥ ಯಾವುದರ ಕೆಳಗಿದೆ ಹುಡುಕಿ, ಆಮೇಲೆ ಅದರ ಸ್ಪೀಕರ್ ಒತ್ತಿ. ಬ್ರಿಟಿಷ್ ಅಥವಾ ಅಮೆರಿಕನ್, ಒಂದನ್ನು ಆರಿಸಿಕೊಂಡು ಅದಕ್ಕೇ ಅಂಟಿಕೊಂಡರೆ ಗೊಂದಲ ಕಡಿಮೆ.

ಫೋನಿನ ಓದುವ ಸಾಫ್ಟ್‌ವೇರನ್ನು ಗುರು ಮಾಡಿಕೊಳ್ಳಬೇಡಿ. ಅದೂ ಅಕ್ಕಪಕ್ಕದ ಪದ ನೋಡಿಯೇ ಊಹಿಸುತ್ತದೆ, ಒಮ್ಮೊಮ್ಮೆ ಜಾರುತ್ತದೆ. ವಿಡಿಯೋಗೆ ಯಂತ್ರದ ದನಿ ಹಾಕುವವರು 'ಲೆಡ್' ಬೇಕಾದ ಕಡೆ ಎಲ್-ಇ-ಡಿ ಎಂದು ಟೈಪ್ ಮಾಡಿದರೆ ಕೆಲಸ ಆಗುತ್ತದೆ. ಅಕ್ಷರ ದೊಡ್ಡದಾಗಿರಬಾರದು, ಇಲ್ಲದಿದ್ದರೆ ಎಲ್‌ಇಡಿ ಬಲ್ಬ್ ಆಗಿಬಿಡುತ್ತದೆ.

ಹಂತ 9: ಎರಡನ್ನೂ ಒಂದೇ ವಾಕ್ಯದಲ್ಲಿ ಕಟ್ಟಿ ಅಭ್ಯಾಸ ಮಾಡಿ

ಬಿಡಿ ಪದ ಉರು ಹೊಡೆದರೆ ನಿಲ್ಲುವುದಿಲ್ಲ. ಎರಡು ಉಚ್ಚಾರವೂ ಬರುವ ಒಂದು ವಾಕ್ಯ ನೀವೇ ಮಾಡಿ. ನಿಮ್ಮ ಮನೆ, ಆಫೀಸು, ಹೊಲದ ವಿಷಯವೇ ಇರಲಿ. ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ನಿಘಂಟಿನ ದನಿಯ ಜೊತೆ ಹೋಲಿಸಿ. ಒಂದು ವಾರಕ್ಕೆ ನಾಲ್ಕೈದು ಜೋಡಿ ಸಾಕು. ಜಾಸ್ತಿ ತುರುಕಿದರೆ ಯಾವುದು ಯಾವುದರದ್ದು ಎಂದು ಕಲಸಿಹೋಗುತ್ತದೆ.

ಕೆಳಗಿನ ಐದನ್ನು ಜೋರಾಗಿ ಓದಿ ನೋಡಿ. ಅವಳಿ ಪದಗಳನ್ನು ಬೇಕಂತಲೇ ಬಿಡಿ ಅಕ್ಷರದಲ್ಲಿ ಕೊಟ್ಟಿದ್ದೇನೆ.

ಒಂದು: ಪ್ಲೀಸ್ ಸಿ-ಎಲ್-ಒ-ಎಸ್-ಇ ದ ವಿಂಡೋ, ಯು ಆರ್ ಟೂ ಸಿ-ಎಲ್-ಒ-ಎಸ್-ಇ ಟು ಇಟ್.

ಎರಡು: ಶಿ ಆರ್-ಇ-ಎ-ಡಿ ದ ಲೆಟರ್ ಆ್ಯಂಡ್ ಆಸ್ಕ್‌ಡ್ ಮಿ ಟು ಆರ್-ಇ-ಎ-ಡಿ ಇಟ್ ಟೂ.

ಮೂರು: ದ ಟೌನ್ ವಿಲ್ ಆರ್-ಇ-ಎಫ್-ಯು-ಎಸ್-ಇ ಟು ಟೇಕ್ ದ ಸಿಟಿಸ್ ಆರ್-ಇ-ಎಫ್-ಯು-ಎಸ್-ಇ.

ನಾಲ್ಕು: ದ ಮೆಕ್ಯಾನಿಕ್ ಡಬ್ಲ್ಯು-ಒ-ಯು-ಎನ್-ಡಿ ದ ಕಾಯಿಲ್ ವಿತ್ ಎ ಡಬ್ಲ್ಯು-ಒ-ಯು-ಎನ್-ಡಿ ಆನ್ ಹಿಸ್ ಥಂಬ್.

ಐದು: ದ ಲಾಯರ್ಸ್ ಸಿ-ಒ-ಎನ್-ಡಿ-ಯು-ಸಿ-ಟಿ ಸ್ಟಾರ್ಟೆಡ್ ಎ ಆರ್-ಒ-ಡಬ್ಲ್ಯು ಇನ್ ದ ಫ್ರಂಟ್ ಆರ್-ಒ-ಡಬ್ಲ್ಯು.

ಉತ್ತರ: ಮೊದಲನೆಯದು ಕ್ಲೋಜ಼್, ಆಮೇಲೆ ಕ್ಲೋಸ್. ಎರಡನೆಯದರಲ್ಲಿ ರೆಡ್, ರೀಡ್. ಶಿ ಆದ ಮೇಲೆ ಎಸ್ ಇಲ್ಲ, ಗಮನಿಸಿದಿರಾ? ಮೂರನೆಯದು ರಿˈಫ್ಯೂಜ಼್, ˈರೆಫ್ಯೂಸ್. ನಾಲ್ಕನೆಯದು ವೌಂಡ್, ವೂಂಡ್. ಐದನೆಯದು ˈಕಾಂಡಕ್ಟ್, ರೌ, ರೋ.